ಹಿಡಿದು ನಿಲ್ಲಿಸಿದ ನಗು

ಚಿತ್ರಕಲಾ ತರಗತಿಗೆ ಮಾಡೆಲ್ ಆಗಿ ಕೂತಾಗ ಕ್ಲೆಮ್‌ನ ಕಾಲು ಜೋಮು ಹಿಡಿದಿತ್ತು, ಅಷ್ಟೇ. ಆದರೆ ಟಾಸ್ಮೇನಿಯಾದ ಆ ಪುಟ್ಟ ಊರಿನ ಪ್ರದರ್ಶನದಲ್ಲಿ, ಆ ತರಗತಿಯ ರಾಬಿನ್ ಇದ್ದಿಲಿನಲ್ಲಿ ಬಿಡಿಸಿದ ಅವನ ಚಿತ್ರ ಗೋಡೆ ಏರಿದ್ದೇ ತಡ, ಊರಿಗೆ ಊರೇ ಅವನ ದುಃಖವನ್ನು ಓದತೊಡಗಿತು.

ರಾಜಧಾನಿ ಹೋಬಾರ್ಟ್‌ನಿಂದ ಬಂದ ತೀರ್ಪುಗಾರರು ಕನ್ನಡಕ ಏರಿಸಿದರು. "ಬಾಗಿದ ಭುಜ ನೋಡಿ, ಸಂಸಾರದ ಭಾರ. ಇದ್ದಿಲೇ ಯಾಕೆ? ಸುಟ್ಟ ಮನಸ್ಸಿಗೆ ಸುಟ್ಟ ಕಟ್ಟಿಗೆ. ಕಣ್ಣ ಕೆಳಗಿನ ಮಸಿ, ಒರೆಸಿಕೊಂಡ ಕಣ್ಣೀರು."

"ಭುಜ ಬಾಗಿದ್ದು ಜೀವಮಾನವಿಡೀ ಕುರಿ ಉಣ್ಣೆ ಕತ್ತರಿಸಿ," ಎಂದ ಕ್ಲೆಮ್. "ಮಸಿ ಮಾಡಿದ್ದು ರಾಬಿನ್ ಮೊಣಕೈ. ಅಳಿಸೋಕೆ ಬ್ರೆಡ್ ಚೂರಲ್ಲಿ ಉಜ್ಜಿದ್ಲು, ಹೋಗ್ಲಿಲ್ಲ. ಇದ್ದಿಲು ನಮ್ಮನೆ ಬಾರ್ಬೆಕ್ಯೂ ಒಲೇದು, ಪುಕ್ಸಟ್ಟೆ."

ತೀರ್ಪುಗಾರರು ಕನಿಕರದಿಂದ ತಲೆಯಾಡಿಸಿದರು. "ನೊಂದೋರು ಹೀಗೇ ಮಾತಾಡೋದು."

ಅಷ್ಟರಲ್ಲಿ ಪಕ್ಕದ ಮನೆಯ ನೋರೀನ್ ಒಂದು ತಟ್ಟೆ ಲ್ಯಾಮಿಂಗ್ಟನ್ ಕೇಕು ಹಿಡಿದು ಬಂದಳು. "ತಿನ್ನು ಕ್ಲೆಮ್. ಡಲ್ಸಿ ನಿನ್ನ ಇಷ್ಟು ಗೋಳುಹೊಯ್ಕೋತಾಳೆ ಅಂತ ನಮಗೇನ್ ಗೊತ್ತಿತ್ತು?"

ಡಲ್ಸಿ ಅವಳ ಬೆನ್ನ ಹಿಂದೆಯೇ ನಿಂತಿದ್ದಳು. ಹೆಂಡತಿಯ ಮುಖ ಕಂಡು ಕ್ಲೆಮ್‌ನ ಎದೆ ಧಸಕ್ಕೆಂದಿತು. ಊರು ಏನಾದರೂ ಬೊಗಳಿಕೊಳ್ಳಲಿ, ಇವಳು ನಂಬಿಬಿಟ್ಟರೆ?

"ನನ್ ಜೊತೆ ಸುಖವಾಗಿಲ್ವಾ ನೀನು?" ಎಂದು ಅವಳು ಮೆಲ್ಲಗೆ ಕೇಳಿದಳು.

ಕ್ಲೆಮ್‌ಗೆ ರೇಗಿತು. ಸ್ಟೂಲು ಎಳೆದು ಸಭಾಂಗಣದ ನಟ್ಟನಡುವೆ ಕೂತ. "ಎಲ್ರೂ ಇದ್ದಿಲು ತಗೊಳ್ಳಿ. ನಗ್ತಾ ಕೂರ್ತೀನಿ, ಬಿಡಿಸಿ. ಯಾರಿಗೆ ದುಃಖ ಕಾಣುತ್ತೋ ನೋಡೇ ಬಿಡೋಣ."

"ಬೇಡ ಕಣೋ," ಎಂದಳು ರಾಬಿನ್. "ಮಾಡೆಲ್ ಆದೋರು ನಗಬಾರ್ದು. ಯಾವ ನಗೂನೂ ಅಷ್ಟೊತ್ತು ನಿಲ್ಲಲ್ಲ."

"ನಂದು ನಿಲ್ಲುತ್ತೆ."

ನಿಂತಿತು. ಮೊದಲು ಕೆನ್ನೆ ನಡುಗಿತು, ಆಮೇಲೆ ಹಲ್ಲು ಒಣಗಿತು. ತುಟಿ ಬಿಸಿಲಿಗೆ ಹಾಕಿದ ಕುರಿಚರ್ಮದಂತೆ ಬಿಗಿದುಕೊಂಡಿತು, ಕಣ್ಣಲ್ಲಿ ನೀರು ತುಂಬಿ ಬಂತು. "ಸಾಕು ಮಾಡೋ, ನೋಡೋಕಾಗ್ತಿಲ್ಲ," ಎಂದು ನೋರೀನ್ ಬಿಕ್ಕಿದಳು. ಕ್ಲೆಮ್ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ರಾಬಿನ್‌ಳ ಹೊಸ ಚಿತ್ರ ನೋಡಿ ತೀರ್ಪುಗಾರರು ಮೂಗು ಒರೆಸಿಕೊಂಡು, ಅದಕ್ಕೇ ಮೊದಲ ಬಹುಮಾನ ಎಂದು ಸಾರಿದರು. ಕ್ಲೆಮ್ ಅತ್ತ ತಿರುಗಿಯೂ ನೋಡಲಿಲ್ಲ. ಡಲ್ಸಿ ಮಾತ್ರ ಅಳದೆ, ಚಿತ್ರವನ್ನೇ ದಿಟ್ಟಿಸುತ್ತಿದ್ದಳು. ಸದ್ಯ, ಇವಳಿಗಾದರೂ ಅರ್ಥವಾಯಿತಲ್ಲ ಎಂದು ಅವನಿಗೆ ಹೋದ ಜೀವ ಬಂದಂತಾಯಿತು.

"ಗುರುತು ಸಿಕ್ತಾ?" ಎಂದು ನೋಯುವ ದವಡೆ ತಿಕ್ಕುತ್ತಾ ಕೇಳಿದ. "ಇದೇ ನನ್ನ ಸುಖದ ಮುಖ."

"ಚೆನ್ನಾಗೇ ಸಿಕ್ತು," ಎಂದಳು ಡಲ್ಸಿ ತಣ್ಣಗೆ. "ನಮ್ಮ ಮದುವೆ ಫೋಟೋದಲ್ಲಿರೋದೂ ಇದೇ ನಗು."