ಪಟ್ಟಿಯ ಮೊದಲ ಹೆಸರು

ಮಚ್ಛೆಯ ನಟ್ಟು-ಬೋಲ್ಟಿನ ಕಾರ್ಖಾನೆಯಲ್ಲಿ ಒಂದು ಕ್ವಾರ್ಟರ್ಸ್ ಖಾಲಿಯಾದದ್ದೇ ಗುಮಾಸ್ತ ಬಾಳಪ್ಪನ ಕಷ್ಟಕ್ಕೆ ಮೂಲ. ಹದಿನಾಲ್ಕು ವರ್ಷ ಖಾನಾಪುರದಿಂದ ಬಸ್ಸಿನಲ್ಲಿ ನಿಂತೇ ಬಂದು ನಿಂತೇ ಹೋಗಿ ಅವನ ಮೊಣಕಾಲು ಸೋತಿದ್ದವು. ಬದುಕಿನಲ್ಲಿ ಇನ್ನೇನೂ ಬೇಡ, ಈ ಮನೆ ಸಿಕ್ಕರೆ ಸಾಕಿತ್ತು. ಹೆಂಡತಿ ಕಾಶವ್ವ ಆಗಲೇ ಪಾತ್ರೆಗಳ ಗಂಟು ಕಟ್ಟತೊಡಗಿದ್ದಳು.

ಕಾರ್ಖಾನೆ ಶುರುವಾದ ದಿನ ಸೇರಿದವರಲ್ಲಿ ವಯಸ್ಸಿಗೆ ಹಿರಿಯನಾದವನಿಗೆ ಮನೆ ಎಂದು ನಿಯಮ.

"ಎಲ್ಲಾರ ಹೆಸರೂ ಹೊಸಾ ಕಂಪ್ಯೂಟರಿನ್ಯಾಗ ಅದಾವಲ್ಲ? ಹಿರ್ಯಾರು ಮೊದಲ ಬರೂ ಹಂಗ ಪಟ್ಟಿ ತಗೀರಿ," ಎಂದರು ಮ್ಯಾನೇಜರ್ ಗುರುಪುತ್ರಪ್ಪ. ಅವತ್ತು ೧೯೮೮ರ ಮೇ ಮೂವತ್ತೊಂದು.

"ತಗೀತೇನ್ರಿ ಸಾಹೇಬ್ರ. ಕಂಪ್ಯೂಟರ್ ಸುಳ್ಳ ಹೇಳಂಗಿಲ್ರಿ," ಎಂದ ಬಾಳಪ್ಪ. ಆಫೀಸಿನಲ್ಲಿ ಅದನ್ನು ಕಲಿತವನು ಅವನೊಬ್ಬನೇ. ಕಲಿತು ಹದಿನೈದು ದಿನವಾಗಿತ್ತು.

ಮೊದಲ ಪಟ್ಟಿಯ ಮೇಲ್ತುದಿಗೆ ಗೇಟು ಕಾಯುವ ಈರಣ್ಣ ಕೂತಿದ್ದ, ಎಲ್ಲರಿಗಿಂತ ಚಿಕ್ಕವನು. ಯಾವುದರ ಪ್ರಕಾರ ಜೋಡಿಸಬೇಕೆಂದು ಹೇಳದಿದ್ದರೆ ಆ ಯಂತ್ರಕ್ಕೆ ಹಿರಿಯರೂ ಒಂದೇ, ಕಿರಿಯರೂ ಒಂದೇ. ಬಾಳಪ್ಪ ಪುಸ್ತಕ ತಿರುವಿ 'ಆರ್ಡರ್ ಬೈ' ಎಂದು ಒತ್ತಿ ಹುಟ್ಟಿದ ತಾರೀಖು ಸೇರಿಸಿದ. ಹಿರಿಯರೆಂದರೆ ದೊಡ್ಡವರಲ್ಲವೇ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಕ್ರಮ ಕೇಳಿದ. ತಾರೀಖಿನಲ್ಲಿ ದೊಡ್ಡದೆಂದರೆ ಈಚಿನದು! ಮತ್ತೆ ಈರಣ್ಣನೇ ಮೇಲೆ, ಬಾಳಪ್ಪ ತಳದಲ್ಲಿ.

"ಬಾಳಪ್ಪಣ್ಣಾರ, ಎಲ್ಲಾರಕಿಂತ ಸಣ್ಣಾವ್ರಾದ್ರಲ್ರಿ!" ಎಂದು ಟೈಪಿಸ್ಟ್ ಗಂಗಾದೇವಿ ನಕ್ಕಳು.

ಬೆವರು ಒರೆಸಿಕೊಂಡು ಏರುವ ಕ್ರಮ ಕೇಳಿದ. ಈ ಸಲ ಮೇಲೆ ಬಾಜು ಮೇಜಿನ ನೇಮಿನಾಥ, ಅವನ ಕೆಳಗೆ ಬಾಳಪ್ಪ. ಇಬ್ಬರದೂ ಜೂನ್ ಒಂದು, ೧೯೩೨. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮಾಸ್ತರರು ಜೂನ್ ಒಂದನ್ನೇ ಬರೆಯುತ್ತಿದ್ದ ಕಾಲವದು. ತಾರೀಖು ಒಂದೇ ಆದಾಗ ಯಾರನ್ನು ಮೇಲಿಡುವುದೆಂಬುದು ಯಂತ್ರದ ಮರ್ಜಿ.

"ನನ್ನ ಹೆಸರ ಮ್ಯಾಲ ಐತಲ್ಲೋ!" ಎಂದು ನೇಮಿನಾಥ ಇಣುಕಿ ನೋಡಿ ಚಹಾಕ್ಕೆ ಹೋದ.

ಬಾಳಪ್ಪ ಅತ್ತಿತ್ತ ನೋಡಿದ. ಮೊಣಕಾಲು ನೋಯುತ್ತಿತ್ತು. ತನ್ನ ೧೯೩೨ನ್ನು ಅಳಿಸಿ ೧೯೩೦ ಮಾಡಿದ.

ಗುರುಪುತ್ರಪ್ಪ ಹೊಸ ಪಟ್ಟಿ ನೋಡಿದರು, ಬೆರಳು ಮಡಚಿ ಎಣಿಸಿದರು. "ಅಲ್ರೀ, ನಾಳೆಗೆ ನಿಮಗ ಐವತ್ತೆಂಟು ತುಂಬತಾವು. ಅಂದ್ರ ಇವತ್ತ ರಿಟಾಯರ್ ಆದ್ರಿ! ಮೊದಲ ಹೇಳಬಾರದೇನು? ಗಂಗಾದೇವಿ, ಒಂದ ಹಾರ ತರಸವ್ವಾ."

"ಸಾಹೇಬ್ರ, ಅದು ತಪ್ಪೈತ್ರಿ..."

"ಕಂಪ್ಯೂಟರ್ ಸುಳ್ಳ ಹೇಳಂಗಿಲ್ಲಂತ ಮುಂಜಾನೆ ನೀವ ಅಂದ್ರಲ್ಲ."

ಕೊರಳಿಗೆ ಹಾರ ಬಿದ್ದ ಮೇಲೆ ಬಾಳಪ್ಪ ಎಲ್ಲವನ್ನೂ ಒಪ್ಪಿಕೊಂಡ. ನೌಕರಿ ಉಳಿಯಿತು, ಪಟ್ಟಿಯಿಂದ ಹೆಸರು ಹೋಯಿತು. ಅದೇ ಹಾರ, ಮನೆಯ ಕೀಲಿ ಎರಡೂ ನೇಮಿನಾಥನ ಪಾಲಾದವು.

ಸಂಜೆ ನೇಮಿನಾಥ ಬಸ್ ಸ್ಟಾಪಿನವರೆಗೂ ಬಂದು ಕಿವಿಯಲ್ಲಿ ಹೇಳಿದ: "ಬ್ಯಾಸರ ಮಾಡ್ಕೋಬ್ಯಾಡೋ. ನಾ ಖರೇ ಹುಟ್ಟಿದ್ದು ಮೂವತ್ನಾಕರಾಗ. ಸಾಲ್ಯಾಗ ಹುಡುಗ್ರು ಕಡಿಮಿ ಅದಾರಂತ ಮಾಸ್ತರ್ ಎರಡ ವರ್ಷ ಜಾಸ್ತಿ ಬರದ ಸೇರಿಸ್ಕೊಂಡಿದ್ರು. ನೀ ತಿದ್ದೂದು ಐವತ್ತ ವರ್ಷ ತಡಾ ಮಾಡಿದಿ, ಅಷ್ಟ."

ಖಾನಾಪುರದ ಬಸ್ಸು ಬಂತು. ಕೂಡಲು ಜಾಗವಿರಲಿಲ್ಲ.