ಏಳು ಲಡಿ, ಒಂದು ಗಂಟು

ನಾರಾಯಣಪೇಟೆಯ ಸೀರೆ ಬಜಾರಿನಲ್ಲಿ ನನ್ನದೊಂದು ಅಂಗಡಿಯಿದೆ, ನನ್ನ ಕಣ್ಣಿಗೆ ಒಂದು ಹೆಸರೂ ಇದೆ. ಸೀರೆಯನ್ನು ಹೊಸ್ತಿಲಿನಾಚೆ ಬಿಸಿಲಿಗೆ ಹಿಡಿದರೆ ಸಾಕು, ಯಾವ ಬಣ್ಣಕ್ಕೆ ಯಾವ ಬಣ್ಣ ಎಷ್ಟು ಬೆರೆಸಿದ್ದಾರೆ ಎಂದು ಹೇಳಿಬಿಡುತ್ತೇನೆ. ಈ ಹೆಸರು ಕೊಟ್ಟವರು ಯಾರು ಎಂದು ನನ್ನ ಹೆಂಡತಿ ಮಹಾದೇವಿ ಕೇಳುತ್ತಾಳೆ. ಬಹುಶಃ ನಾನೇ. ಸರಿಯಾಗಿ ನೆನಪಿಲ್ಲ.

ಮಹಾದೇವಿ ಗದ್ವಾಲದ ನೇಕಾರರ ಮನೆಯವಳು. ಅವಳ ಮಗ್ಗದ ಎದುರಿನ ಗೋಡೆಗೆ ಒಂದು ಹಳೆಯ ಕ್ಯಾಲೆಂಡರ್ ಇತ್ತು. ಅದರಲ್ಲಿ ಜಪಾನಿನ ಒಂದು ಬೆಟ್ಟ, ಬೆಟ್ಟದ ಕೆಳಗೆ ನೇರಳೆ ಹೂವಿನ ಸಾಲುಗಳು. ಆ ಚಿತ್ರ ನೋಡುತ್ತಲೇ ಅವಳು ಎಷ್ಟೋ ಸೀರೆ ನೇಯ್ದಳು. ಕಿಟಕಿಯ ಬಿಸಿಲಿಗೆ ಚಿತ್ರ ಮಾಸಿತು. ಅವಳ ಮೊಣಕಾಲುಗಳೂ ಸೋತವು. ಮಗ್ಗ ಖಾಲಿ ಕುಳಿತಿತು.

"ಆ ಹೂವಿನ ಬಣ್ಣ ಸಿಕ್ಕರ ಇನ್ನೊಂದು ಸೀರಿ ನೇಯ್ತೀನ್ರಿ. ಇಲ್ಲಂದ್ರ ಮಗ್ಗ ಬಿಚ್ಚಿ ಅಟ್ಟದ ಮ್ಯಾಲ ಇಟ್ಟುಬಿಡ್ರಿ" ಎಂದಳು ಒಂದು ದಿನ.

ಮಗ್ಗ ಬಿಚ್ಚುವುದೇ? ನನ್ನ ಕಣ್ಣಿರುವಾಗ? "ನಾನು ತಂದುಕೊಡ್ತೀನಿ!" ಎಂದೆ. ಹೈದರಾಬಾದಿನಿಂದ ಜಪಾನಿನ ಹೊಕ್ಕೈಡೊಗೆ ಹೋಗುವ ಒಂದು ಪ್ರವಾಸದ ಗುಂಪಿಗೆ ಇಬ್ಬರ ಹೆಸರೂ ಬರೆಸಿದೆ. ಅಲ್ಲಿ ಬೇಸಿಗೆಯಲ್ಲಿ ಲ್ಯಾವೆಂಡರ್ ಹೂವು ಅರಳುತ್ತದಂತೆ. ಆ ಚಿತ್ರ ಅದರದೇ.

ಸುದ್ದಿ ಕೇಳಿ ವಡ್ಡೆಪಲ್ಲಿಯಿಂದ ನನ್ನ ಅಕ್ಕ ಫೋನ್ ಮಾಡಿದಳು. "ಹೂವು ನೋಡಾಕ ಅಷ್ಟು ದೂರ ಯಾಕೋ? ನಮ್ಮ ಬದನಿ ಮಡಿಗೆ ಬಾ. ಅದೂ ನೇರಳಿನೇ ಐತಿ. ಮ್ಯಾಲ ಪಲ್ಯಾನೂ ಆಗ್ತೈತಿ."

ಅಜ್ಞಾನಿಗಳೊಂದಿಗೆ ವಾದ ಮಾಡಬಾರದು. ಫೋನ್ ಇಟ್ಟೆ.

ಬಣ್ಣದ ವಿಷಯದಲ್ಲಿ ಮೊಬೈಲ್ ಶುದ್ಧ ಸುಳ್ಳುಗಾರ. ಅದಕ್ಕೇ ನಮ್ಮ ಮನೆತನದ ಪದ್ಧತಿಯನ್ನೇ ಹಿಡಿದೆ. ಮಹಾದೇವಿ ನೇರಳೆಯ ಏಳು ಛಾಯೆಗಳಲ್ಲಿ ಏಳು ನೂಲಿನ ಲಡಿ ಅದ್ದಿಕೊಟ್ಟಳು. ಅವನ್ನು ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಹೂವಿನ ಪಕ್ಕ ಹಿಡಿಯಬೇಕು, ಹೊಂದಿದ ಲಡಿಗೆ ಒಂದು ಗಂಟು ಹಾಕಬೇಕು. ಚೀಟಿ ಕಟ್ಟುವಂತಿಲ್ಲ. ಚೀಟಿ ಹರಿದುಹೋಗುತ್ತದೆ, ಕಳೆದುಹೋಗುತ್ತದೆ. ಗಂಟು ಎಲ್ಲಿಗೆ ಹೋದೀತು? ನನ್ನಪ್ಪ ಹೀಗೇ ಮಾಡುತ್ತಿದ್ದ. ಅವನ ಒಂದು ಗಂಟೂ ಎಂದೂ ಬಿಚ್ಚಿರಲಿಲ್ಲ.

ನನ್ನಪ್ಪ ಜಪಾನಿಗೆ ಹೋಗಿರಲಿಲ್ಲ.

ಹೊಕ್ಕೈಡೊದಲ್ಲಿ ಬಸ್ಸು ಒಂದು ಗುಡ್ಡದ ಮೇಲೆ ನಿಂತಿತು. ನಮ್ಮ ನೇಕಾರರ ಓಣಿಯಲ್ಲಿ ಬೆಳಿಗ್ಗೆ ಗಂಜಿ ಹಚ್ಚಲು ಸೀರೆಯ ಉದ್ದನೆಯ ಎಳೆಗಳನ್ನು, ಅಂದರೆ ಹಾಸನ್ನು, ಬಿಗಿಯಾಗಿ ಹಿಡಿದು ನಿಲ್ಲಿಸುತ್ತಾರಲ್ಲ, ಹಾಗೆ ಯಾರೋ ಇಡೀ ಗುಡ್ಡಕ್ಕೇ ಹಾಸು ಹಿಡಿದಿದ್ದರು! ನೇರಳೆಯ ಪಟ್ಟಿ, ಬಿಳಿಯ ಪಟ್ಟಿ, ಕೆಂಪಿನ ಪಟ್ಟಿ, ಮತ್ತೆ ನೇರಳೆ. ಒಂದು ಎಳೆಯೂ ಸೊಟ್ಟಗಿಲ್ಲ. ಅದರಾಚೆ ಬೇಸಿಗೆಯಲ್ಲೂ ತಲೆಯ ಮೇಲೆ ಹಿಮ ಹೊತ್ತ ಬೆಟ್ಟಗಳು. ಸಾಲಿನ ನಡುವೆ ಬಾಗಿ ಕಳೆ ಕೀಳುತ್ತಿದ್ದ ಹೆಂಗಸರನ್ನು ನೋಡಿ ಮಹಾದೇವಿ, "ಹರಿದ ಎಳಿ ಕಟ್ಟಾಕ ಹತ್ಯಾರ ನೋಡ್ರಿ" ಎಂದಳು. ಅವಳ ಕಣ್ಣು ತುಂಬಿತ್ತು. ತುಂಬಿರಲಿಲ್ಲ, ಗಾಳಿಗೆ ನೀರು ಬಂದಿತ್ತು ಎಂದು ಈಗ ಅವಳು ಹೇಳುತ್ತಾಳೆ. ಎರಡನ್ನೂ ಬರೆದಿದ್ದೇನೆ.

ಇಳಿಜಾರಿನಲ್ಲಿ ಅವಳ ಮೊಣಕಾಲು ನಡೆಯಲಿಲ್ಲ. ಮೇಲೆ ಬೆಂಚಿನ ಮೇಲೆ ಕೂತಳು. ನಾನು ಏಳು ಲಡಿಗಳನ್ನು ಹೆಗಲಿಗೆ ಹಾಕಿಕೊಂಡು ಗಂಭೀರವಾಗಿ ಕೆಳಗಿಳಿದೆ. ಒಂದು ಸಾಲಿನ ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಲಡಿಯನ್ನು ಹೂವಿಗೆ ಹಿಡಿದೆ. ಮೊದಲನೆಯದು ಕಪ್ಪಾಯಿತು. ಎರಡನೆಯದು ಕೆಂಪಾಯಿತು. ಐದನೆಯದನ್ನು ಹಿಡಿದಾಗ ನೂಲು ಎಲ್ಲಿ ಮುಗಿಯಿತು, ಹೂವು ಎಲ್ಲಿ ಶುರುವಾಯಿತು ಎಂದೇ ತಿಳಿಯಲಿಲ್ಲ! ತಲೆಯ ಮೇಲೆ ಸೂರ್ಯ ಧಗಧಗ ಉರಿಯುತ್ತಿದ್ದ. ಬಿಗಿಯಾಗಿ ಗಂಟು ಹಾಕಿದೆ.

(ನಮ್ಮ ಗುಂಪಿನ ಮಾರ್ಗದರ್ಶಕಿ ಸ್ವಪ್ನಾ ಆ ಕ್ಷಣದ ಫೋಟೋ ತೆಗೆದಿದ್ದಾಳೆ. ಅದರಲ್ಲಿ ನನ್ನ ನೆರಳೇ ಬಿದ್ದಿಲ್ಲ, ಪೂರ್ತಿ ಮೋಡ. ಮೊಬೈಲ್ ಸುಳ್ಳುಗಾರ ಎಂದು ಮೊದಲೇ ಹೇಳಿದ್ದೇನೆ.)

ಎದ್ದು ತಿರುಗಿ ನೋಡಿದರೆ ನನ್ನ ಬೆನ್ನ ಹಿಂದೆ ಹನ್ನೆರಡು ಜನ ಸಾಲುಗಟ್ಟಿ ನಿಂತಿದ್ದರು! ನಾನು ಅಷ್ಟು ಹೊತ್ತು ಕೂತದ್ದು ನೋಡಿ, ಇಲ್ಲೇನೋ ವಿಶೇಷವಿದೆ, ತಮ್ಮ ಸರದಿ ಬಂದಾಗ ಕೂರೋಣ ಎಂದುಕೊಂಡಿದ್ದರೇನೋ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಮಕ್ತಲ್ ಬಸ್ಸು ಬಂದಾಗಲೂ ಇಂಥ ಸಾಲು ಕಂಡಿಲ್ಲ. (ಬರೆದದ್ದನ್ನು ಓದಿ ಮಹಾದೇವಿ, "ಹನ್ನೆರಡಲ್ರಿ, ನಾಕು ಮಂದಿ" ಎಂದಳು. ಹನ್ನೆರಡೇ ಇರಲಿ.)

ಮುಂದೆ ನಿಂತಿದ್ದ ಹಿರಿಯರು ನನಗೆ ಬಾಗಿ ನಮಸ್ಕರಿಸಿದರು. ನಾನೂ ಬಾಗಿದೆ. ಅವರು ಇನ್ನಷ್ಟು ಬಾಗಿದರು. ನಾರಾಯಣಪೇಟೆಯ ಮರ್ಯಾದೆಯ ಪ್ರಶ್ನೆ! ನಾನೂ ಇನ್ನಷ್ಟು ಬಾಗಿದೆ. ಮೂರನೆಯ ಸಲ ಹೆಗಲ ಮೇಲಿದ್ದ ಏಳೂ ಲಡಿ ಜಾರಿದವು. ಹಿಂದಿನ ದಿನ ಮಳೆಯಾಗಿತ್ತು. ಲಡಿಗಳು ಕೆಸರಿಗೆ ಬಿದ್ದವು. ಅವನ್ನು ಹಿಡಿಯಲು ಹೋಗಿ ಅವುಗಳ ಮೇಲೆ ನಾನು ಬಿದ್ದೆ.

"ಅಂಕುಲ್, ಬಸ್ ವೆಳ್ಳಿಪೋತುಂದಿ!" ಸ್ವಪ್ನಾ ಮೇಲಿಂದ ತೆಲುಗಿನಲ್ಲಿ ಕೂಗಿದಳು. ಬಸ್ಸು ಹೊರಡುವುದರಲ್ಲಿತ್ತು. ನಾನಿನ್ನೂ ಎದ್ದಿರಲಿಲ್ಲ.

"ಬಣ್ಣ ಸಿಕ್ತೇನ್ರಿ?" ಎಂದಳು ಮಹಾದೇವಿ, ಬಸ್ಸಿನಲ್ಲಿ.

"ಸಿಕ್ತು."

"ಯಾವದು?"

ಲಡಿಗಳೆಲ್ಲ ಒಂದೇ ಬಣ್ಣವಾಗಿದ್ದವು. ಕೆಸರಿನ ಬಣ್ಣ. "ಗಂಟು ಐತಿ, ತೊಳದ ಮ್ಯಾಲ ತೋರಸ್ತೀನಿ" ಎಂದೆ.

ನಾವು ತಂಗಿದ್ದು ಹಳ್ಳಿಯ ಒಂದು ಮನೆಯಲ್ಲಿ. ಮನೆಯ ಅಜ್ಜಿ ನನ್ನ ಅವತಾರ ನೋಡಿ ನಗಲಿಲ್ಲ. ಎರಡೂ ಕೈ ಚಾಚಿ ಲಡಿಗಳನ್ನು ಹಸುಗೂಸಿನಂತೆ ಎತ್ತಿಕೊಂಡು ಒಳಗೆ ಹೋದಳು. ಮರುದಿನ ಬೆಳಿಗ್ಗೆ ಬಾಗಿಲ ಮುಂದೆ ಒಂದು ಬಿದಿರಿನ ತಟ್ಟೆ. ಅದರಲ್ಲಿ ತೊಳೆದು, ಒಣಗಿಸಿ, ಎಳೆ ಎಳೆ ಬಿಡಿಸಿ, ಬಿಳಿ ಕಾಗದದ ಪಟ್ಟಿ ಸುತ್ತಿದ ಲಡಿಗಳು. ಇಷ್ಟು ಅಚ್ಚುಕಟ್ಟಾದ ನೂಲನ್ನು ನನ್ನ ಅಂಗಡಿಯ ಜನ್ಮದಲ್ಲಿ ನೋಡಿರಲಿಲ್ಲ. ಕೈ ಮುಗಿಯಬೇಕೆನ್ನಿಸಿತು. ಮುಗಿದೆ ಕೂಡ.

ಆಮೇಲೆ ಗಂಟು ಹುಡುಕಿದೆ.

ಅಜ್ಜಿ ಮೊಬೈಲಿನಲ್ಲಿ ಏನೋ ಹೇಳಿ ನನ್ನ ಮುಂದೆ ಹಿಡಿದಳು. ಅದು ಇಂಗ್ಲಿಷಿನಲ್ಲಿ ಮಾತಾಡಿತು. ಸ್ವಪ್ನಾ ತಿಳಿಸಿ ಹೇಳಿದಳು: "ಒಂದರಲ್ಲಿ ಬಹಳ ಕೆಟ್ಟ ಗಂಟು ಬಿದ್ದಿತ್ತಂತೆ ಅಂಕುಲ್. ಬಹಳ ಹೊತ್ತು ಕೂತು ಬಿಚ್ಚಿದರಂತೆ. ಎಳೆ ಹರಿದಿಲ್ಲ, ಚಿಂತೆ ಮಾಡಬೇಡಿ ಅಂತಿದ್ದಾರೆ."

ಅಜ್ಜಿ ಸಂತೋಷದಿಂದ ಬಾಗಿದಳು. ನಾನೂ ಬಾಗಿದೆ. ಈ ಸಲ ಬಹಳ ಹೊತ್ತು ಏಳಲಿಲ್ಲ.

ಲಡಿ ಎಣಿಸಿದರೆ ಆರೇ ಇದ್ದವು. ಒಂದು ಕೆಸರಿನಲ್ಲೇ ಉಳಿದಿರಬೇಕು. ಇನ್ನೊಮ್ಮೆ ಹೊಲಕ್ಕೆ ಹೋಗಿ ಹೊಂದಿಸೋಣವೆಂದು ಹೊರಗೆ ಓಡಿದೆ. ಹೊಲವೇ ಇಲ್ಲ! ಬೆಟ್ಟದಿಂದ ಇಳಿದ ಮಂಜು ಎಲ್ಲವನ್ನೂ ನುಂಗಿ ಕೂತಿತ್ತು. ಮಹಾದೇವಿ ಮಾತ್ರ ಜಗಲಿಯಲ್ಲಿ ಕೂತು ಆ ಮಂಜನ್ನೇ ನೋಡುತ್ತಿದ್ದಳು, ಹಲ್ಲು ನೋವಿದ್ದವರ ಹಾಗೆ ಕೆನ್ನೆಗೆ ಕೈ ಕೊಟ್ಟು. ಪಾಪ, ನಿರಾಸೆಯಾಗಿದೆ ಎಂದುಕೊಂಡೆ. ಮನೆಯಲ್ಲಿನ ಖಾಲಿ ಮಗ್ಗ ಕಣ್ಣ ಮುಂದೆ ಬಂತು. ಅದನ್ನು ನಾನೇ ಬಿಚ್ಚಬೇಕು, ಅಟ್ಟಕ್ಕೆ ನಾನೇ ಏರಿಸಬೇಕು.

ಬಸ್ಸು ಹತ್ತುವ ಮೊದಲು ಗೋಡೆಯ ಮರೆಯಲ್ಲಿ ನಿಂತು ಕಣ್ಣು ಮುಚ್ಚಿದೆ. ನಿನ್ನೆಯ ಹೂವನ್ನು ನೆನೆದೆ. ಮೊದಲ ಸಲ ನೆನೆದಾಗ ಅದು ನೀಲಿಯಾಗಿತ್ತು, ಎರಡನೆಯ ಸಲ ಕೆಂಪಗಿತ್ತು. ಮೂರನೆಯ ಸಲ ಅದು ನನ್ನ ಅಂಗಡಿಯ ಬೋರ್ಡಿನ ಬಣ್ಣದ್ದಾಗಿತ್ತು! ಕೊನೆಗೆ ಕೈಗೆ ಸಿಕ್ಕ ಒಂದು ಲಡಿಗೆ ಗಂಟು ಹಾಕಿ, ಪ್ರಾಮಾಣಿಕ ಮುಖ ಮಾಡಿಕೊಂಡು ಹೆಂಡತಿಗೆ ಕೊಟ್ಟೆ.

"ಇದ ನೋಡು!"

"ಹೌದೇನ್ರಿ?" ಎಂದಳು. ಅಷ್ಟೇ.

ಊರಿಗೆ ಬಂದ ಮೇಲೆ ಅವಳು ಹಾಸಿನ ನೂಲನ್ನು ತಾನೇ ನಿಂತು ಅದ್ದಿಸಿದಳು. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಮಗ್ಗದಲ್ಲಿ ಕೂತಳು. ಬಹಳ ದಿನ ಹಿಡಿಯಿತು. ಸೀರೆ ಮಗ್ಗದಿಂದ ಇಳಿದ ದಿನ ಅದನ್ನು ಹೊಸ್ತಿಲಿನಾಚೆ ಒಯ್ದು ಹಿಡಿದೆ, ಮತ್ತು ಹಾಗೇ ನಿಂತೆ. ಅದು ನೇರಳೆಯಲ್ಲ. ನೇರಳೆ ಉಸಿರು ಬಿಟ್ಟರೆ ಹೇಗಿದ್ದೀತೋ ಹಾಗಿತ್ತು. ಓಣಿಯ ಜನ ನೆರೆದರು.

"ನೋಡ್ರಿ! ಕಣ್ಣು ಅಂದ್ರ ಇದು!" ಎಂದೆ, ನನ್ನ ಕಣ್ಣನ್ನೇ ತೋರಿಸಿ.

ಒಳಗಿನಿಂದ ಮಹಾದೇವಿ ಕೆಮ್ಮಿದಳು. ಜನ ಹೋದ ಮೇಲೆ ತನ್ನ ಟ್ರಂಕಿನಿಂದ ಏಳನೆಯ ಲಡಿ ತೆಗೆದಿಟ್ಟಳು. ಬಿಳಿ ಕಾಗದದ ಪಟ್ಟಿ ಇನ್ನೂ ಹಾಗೇ ಇತ್ತು.

"ಅಜ್ಜಿ ತೊಳದಾಗ ಇದೊಂದರ ಬಣ್ಣ ಬಿಟ್ಟಿತ್ರಿ. ನೀವು ಏಳೂಕಿಂತ ಮೊದಲ ತಟ್ಟಿಯಿಂದ ತಗೊಂಡು, ತೆಳ್ಳನ ಮಂಜಿನಾಗ ಹಿಡದು ನೋಡಿದ್ನಿ, ಕೂಡಿಬಿಡ್ತು. ಹೊಲ ಆವತ್ತು ನನ್ನ ಮಾಸಿದ ಕ್ಯಾಲೆಂಡರಿನ ಹಂಗ ಇತ್ತು. ನಾ ಇಷ್ಟು ವರ್ಷ ನೋಡಿದ್ದು ಆ ಬಣ್ಣಾನ ಅಲ್ಲೇನ್ರಿ?"

"ಮತ್ತ ನನ್ನ ಗಂಟು?"

"ನಿಮ್ಮ ಗಂಟು ನನಗ ಗೊತ್ತಿಲ್ಲೇನು? ಖರೇ ಹೊಂದಿದ್ರ ಹಲ್ಲು ಕಚ್ಚಿ ಬಿಗಿತೀರಿ. ಅದು ಭಾಳ ಸಡಲ ಇತ್ತು."

ಆ ಸಡಿಲ ಗಂಟಿನ ಲಡಿ ವ್ಯರ್ಥವಾಗಲಿಲ್ಲ. ಅಕ್ಕ ವಡ್ಡೆಪಲ್ಲಿಯಿಂದ ತಂದ ಬದನೆ ಸಸಿಗಳನ್ನು ಮಹಾದೇವಿ ಹಿತ್ತಿಲಲ್ಲಿ ನೆಟ್ಟಿದ್ದಾಳೆ. ಗಾಳಿಗೆ ಬೀಳದಂತೆ ಅವನ್ನು ಕೋಲಿಗೆ ಕಟ್ಟಿದ್ದು ಆ ನೂಲಿನಲ್ಲೇ. ಮೊನ್ನೆ ಮಟಮಟ ಮಧ್ಯಾಹ್ನ ಅಕ್ಕ ಅಲ್ಲಿಂದ ನನ್ನನ್ನು ಕೂಗಿದಳು. ಹೋಗಿ ಬಗ್ಗಿ ನೋಡಿದೆ. ಗಿಡ ಹೂ ಬಿಟ್ಟಿತ್ತು. ಸುಡುವ ಬಿಸಿಲು, ಒಂದು ಮೋಡವಿಲ್ಲ. ಬದನೆ ಹೂವು ಎಲ್ಲಿ ಮುಗಿಯಿತು, ನನ್ನ ನೂಲು ಎಲ್ಲಿ ಶುರುವಾಯಿತು ಎಂದೇ ತಿಳಿಯಲಿಲ್ಲ!

ನನ್ನ ಕಣ್ಣು ತಪ್ಪಿಲ್ಲ. ತಪ್ಪಿದ್ದು ಹೂವು.