ಹೇಳಬಾರದ ಹೆಸರು

ಪೀಣ್ಯ ಎರಡನೇ ಹಂತದ ವಾಲ್ವ್ ಕಾರ್ಖಾನೆಯೊಂದರ ಮ್ಯಾನೇಜರ್ ವೆಂಕಟರಮಣಪ್ಪನವರು ಪೇಪರಿನಲ್ಲಿ ರಾಶಿಭವಿಷ್ಯ ಬಿಟ್ಟು ಬೇರೇನನ್ನೂ ಓದುತ್ತಿರಲಿಲ್ಲ. 1998ರ ಜೂನ್ ತಿಂಗಳ ಒಂದು ಸೋಮವಾರ ಮಾತ್ರ ಅವರ ಕಣ್ಣು ಜಾರಿ ಪಕ್ಕದ ಸುದ್ದಿಯ ಮೇಲೆ ಬಿತ್ತು. ಹೊರದೇಶದ ಯಾರೋ ಹುಡುಗರು ತಮ್ಮ ಮನೆಯಲ್ಲಿ ಕೂತುಕೊಂಡೇ ನಮ್ಮ ಸರ್ಕಾರದ ಕಂಪ್ಯೂಟರಿಗೆ ಕನ್ನ ಹಾಕಿದ್ದರಂತೆ. ಕೊಟ್ರೇಶನ ಗ್ರಹಚಾರ ಕೆಟ್ಟದ್ದು ಅಲ್ಲಿಂದ.

ಕೊಟ್ರೇಶ ಡ್ರಾಯಿಂಗ್ ವಿಭಾಗದ ಗುಮಾಸ್ತ. ಕಾರ್ಖಾನೆಗೆಲ್ಲ ಇದ್ದ ಒಂದೇ ಒಂದು ಇಂಟರ್ನೆಟ್ ಕಂಪ್ಯೂಟರಿಗೆ ದಿನಾ ಬೆಳಿಗ್ಗೆ ಊದುಬತ್ತಿ ಬೆಳಗುತ್ತಿದ್ದವನು ಅವನೇ ಆದ್ದರಿಂದ, ಅದರ ಹೊಣೆಯೂ ಅವನ ತಲೆಗೇ ಬಂದಿತ್ತು.

"ಮಧ್ಯಾಹ್ನ ಮೂರಕ್ಕೆ ದೆಹಲಿಯಿಂದ ಸೆಕ್ಯೂರಿಟಿ ಆಫೀಸರ್ ಬರ್ತಾರೆ ಕಣ್ರೀ," ಎಂದರು ಮ್ಯಾನೇಜರು. "ಸರ್ಕಾರಿ ಆರ್ಡರಿನ ಡ್ರಾಯಿಂಗೆಲ್ಲ ಅದರೊಳಗೇ ಇದೆ. ಈಗ್ಲೇ ಒಂದು ಪಾಸ್‌ವರ್ಡ್ ಹಾಕ್ಬಿಡಿ. ಹೆಂಡ್ತಿ ಹೆಸ್ರು ಬೇಡ, ಮಕ್ಕಳ ಹೆಸ್ರು ಬೇಡ, ದೇವ್ರ ಹೆಸ್ರು ಬೇಡ. ಯಾರ ಹತ್ರಾನೂ ಬಾಯಿ ಬಿಡಬಾರ್ದು."

"ನಿಮ್ಮ ಹತ್ರ ಸಾರ್?"

"ನಾನು ಕೇಳಿದ್ರೂ ಹೇಳ್ಬೇಡಿ!"

ಕೊಟ್ರೇಶ ಕಂಪ್ಯೂಟರಿನ ಮುಂದೆ ಕೂತು ಬಹಳ ಹೊತ್ತು ಯೋಚಿಸಿದ. ಕೊನೆಗೆ, ತಾನು ಪ್ರೀತಿಯಿಂದ ನೆನೆಯಬಹುದೆಂದು ಲೋಕದಲ್ಲಿ ಯಾರೂ ಶಂಕಿಸಲಾರದ ಒಬ್ಬರ ಹೆಸರು ಹೊಳೆಯಿತು. ಅದನ್ನು ಇಂಗ್ಲಿಷಿನಲ್ಲಿ ಕುಟ್ಟಿದ. ಪರದೆಯ ಮೇಲೆ ಬರೀ ನಕ್ಷತ್ರಗಳು ಮೂಡಿದವು. ಮಾಡಿದ್ದು ದೇಶಸೇವೆ ಎಂಬ ಹೆಮ್ಮೆಯಲ್ಲಿ ಎರಡು ಕಾಫಿ ಕುಡಿದ.

ಒಂದು ಗಂಟೆಗೆ ಕರೆಂಟು ಹೋಯಿತು. ಬಂದಮೇಲೆ ಕಂಪ್ಯೂಟರು ಪಾಸ್‌ವರ್ಡ್ ಕೇಳಿತು. ಕೊಟ್ರೇಶ ಕುಟ್ಟಿದ. ತಪ್ಪು ಎಂದಿತು. ಮತ್ತೆ ಕುಟ್ಟಿದ. ತಪ್ಪು. ಮೂರನೆಯ ಸಲಕ್ಕೆ ಕಂಪ್ಯೂಟರು ಮುನಿಸಿಕೊಂಡ ಬೀಗರ ಹಾಗೆ ಉಸಿರೇ ಎತ್ತದೆ ಕೂತುಬಿಟ್ಟಿತು.

ಹೆಸರು ಅವನಿಗೆ ಮರೆತಿರಲಿಲ್ಲ. ಇಂಗ್ಲಿಷಿನಲ್ಲಿ ಹೇಗೆ ಬರೆದಿದ್ದೆ ಎಂಬುದು ಮರೆತಿತ್ತು. ಯಾವ ಅಕ್ಷರ ಒಂದು ಸಲ, ಯಾವುದು ಎರಡು ಸಲ? ಕಂಪ್ಯೂಟರನ್ನು ಮತ್ತೆ ಮತ್ತೆ ಆರಿಸಿ ಹಚ್ಚಿ ಹತ್ತು ಬಗೆಯಲ್ಲಿ ಬರೆದು ನೋಡಿದ, ಹತ್ತೂ ತಪ್ಪಾದವು. ಅಷ್ಟರಲ್ಲಿ ಸುತ್ತ ಜನ ಸೇರಿದ್ದರು.

"ಹೇಳಿ ಗುರು, ನಾವೂ ಒಂದು ಕೈ ನೋಡೋಣ," ಎಂದ ಸ್ಟೋರ್ಸಿನ ನಲ್ಲಪ್ಪ.

"ಹೇಳೋಹಂಗಿಲ್ಲ. ಸಾಹೇಬ್ರ ಆರ್ಡರ್."

"ಹೋಗ್ಲಿ, ಊರಿನ ಹೆಸ್ರಾ?"

"ಅಲ್ಲ."

"ಮನುಷ್ಯರದ್ದಾ?"

"ಹೂಂ."

"ಗಂಡಸ್ರದ್ದಾ?"

"ಅಲ್ಲ," ಎಂದುಬಿಟ್ಟ ಕೊಟ್ರೇಶ.

ಪಕ್ಕದ ಟೈಪಿಸ್ಟ್ ಶ್ಯಾಮಲಾ ತನ್ನ ಕುರ್ಚಿಯನ್ನು ಎರಡು ಅಡಿ ಆಚೆಗೆ ಎಳೆದುಕೊಂಡು, "ನನ್ನ ಹೆಸ್ರು ಏನಾದ್ರೂ ಆಗಿದ್ರೆ ನಮ್ಮಣ್ಣನ್ನ ಕರ್ಕೊಂಡ್ ಬರ್ತೀನಿ, ನೋಡಿ," ಎಂದಳು.

ಎರಡು ಗಂಟೆಗೆ ಮ್ಯಾನೇಜರು ಬಂದು ಕಂಪ್ಯೂಟರಿನ ನೆತ್ತಿಗೆ ಎರಡು ಏಟು ಹಾಕಿ ನೋಡಿದರು. ಅದು ತೆರೆಯಲಿಲ್ಲ. "ಅಯ್ಯೋ, ನನಗೆ ಹೇಳ್ರೀ! ಈ ಆರ್ಡರ್ ಕೈತಪ್ಪಿದ್ರೆ ನಾವಿಬ್ರೂ ಬೀದಿಗೆ ಬೀಳ್ತೀವಿ!"

"ನೀವು ಕೇಳಿದ್ರೂ ಹೇಳ್ಬೇಡಿ ಅಂದಿದ್ರಿ ಸಾರ್."

ಮ್ಯಾನೇಜರಿಗೆ ತಮ್ಮ ಮಾತೇ ತಮ್ಮ ಕಪಾಳಕ್ಕೆ ಬಿದ್ದಂತಾಯಿತು.

ಆ ಹೆಸರನ್ನು ಇಂಗ್ಲಿಷಿನಲ್ಲಿ ಸರಿಯಾಗಿ ಬರೆಯಬಲ್ಲವರು ಕೊಟ್ರೇಶನಿಗೆ ತಿಳಿದಂತೆ ಒಬ್ಬರೇ: ಅವನ ಹೆಂಡತಿ ಹೇಮಲತಾ. ಟಿ. ದಾಸರಹಳ್ಳಿಯಲ್ಲಿ ತಾನು ಬಾಡಿಗೆಗಿದ್ದ ಮನೆಯ ಮಾಲೀಕರಿಗೆ ಫೋನ್ ಮಾಡಿ ಅವಳನ್ನು ಕರೆಸಿದ. ಇಡೀ ಆಫೀಸು ಕಿವಿ ನಿಮಿರಿಸಿ ನಿಂತಿದ್ದರಿಂದ, "ಹೇಮಾ, ಫೋನಿನ್ಯಾಗ ಹೇಳೋ ಮಾತಲ್ಲ, ಈಗಿಂದೀಗ ಬಾ," ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಹೇಮಲತಾ ಗಾಬರಿಯಿಂದ ಆಟೋದಲ್ಲಿ ಬಂದಿಳಿದಳು. ಜೊತೆಗೆ ಮನೆ ಮಾಲೀಕರ ಹೆಂಡತಿ ಭಾಗ್ಯಮ್ಮ. ಗೇಟಿನಲ್ಲೇ ಸಿಕ್ಕಿದ ನಲ್ಲಪ್ಪ, "ಗಾಬರಿ ಆಗ್ಬೇಡಿ ಅಕ್ಕ, ನಿಮ್ಮೆಜಮಾನ್ರಿಗೆ ಏನೂ ಆಗಿಲ್ಲ. ಕಂಪ್ಯೂಟರಿಗೆ ಯಾವುದೋ ಹೆಂಗಸಿನ ಹೆಸರಿಟ್ಟಿದ್ದಾರೆ, ಅಷ್ಟೇ," ಎಂದು ಸಮಾಧಾನ ಹೇಳಿದ.

ಹೇಮಲತಾ ಒಳಗೆ ಬಂದವಳೇ, "ಮೊದಲು ನನ್ನ ಹೆಸರು ಹಾಕಿ ನೋಡ್ರಿ," ಎಂದಳು. ಮ್ಯಾನೇಜರು ತಾವೇ ಹಾಕಿದರು. ತಪ್ಪು.

"ಯಾರ್ರೀ ಆಕಿ?"

"ಹೇಳಂಗಿಲ್ಲ, ಹೇಮಾ."

"ಅಯ್ಯೋ ಸಿವ್ನೇ! ಇಂಗೂ ಉಂಟಾ?" ಭಾಗ್ಯಮ್ಮ ಗಲ್ಲಕ್ಕೆ ಕೈಯಿಟ್ಟುಕೊಂಡರು. "ಕಟ್ಕೊಂಡೋಳ್ ಎದ್ರಿಗೇ ಎಸ್ರು ಮುಚ್ಚಿಡ್ತೀಯಲ್ಲಪ್ಪ! ಅಂಗೆ ಸುಮ್ಕೆ ನಿಂತ್ಕೋಬ್ಯಾಡ, ಬಾಯ್ಬಿಡು!"

ಹೇಮಲತಾಳ ಕಣ್ಣು ತುಂಬಿತು. ಅದನ್ನು ನೋಡಿ ಕೊಟ್ರೇಶನಿಗೆ ದೇಶವೂ ಬೇಡ, ಆರ್ಡರೂ ಬೇಡ ಎನ್ನಿಸಿತು. "ಈ ಕಡೆ ಬಾ, ಕಿವಿಯಾಗ ಹೇಳ್ತೀನಿ," ಎಂದು ಅವಳಿಗಷ್ಟೇ ಕೇಳುವಂತೆ ಹೇಳಿ ಬಗ್ಗಿದ.

"ಶಹಭಾಷ್!"

ಎಲ್ಲರೂ ಬೆಚ್ಚಿ ತಿರುಗಿದರು. ಬಾಗಿಲಲ್ಲಿ ಸಫಾರಿ ತೊಟ್ಟ ದೆಹಲಿಯ ಆಫೀಸರು ನಿಂತಿದ್ದರು. ಅವರ ಹೆಸರು ಚನಬಸಪ್ಪ, ದೆಹಲಿಯಲ್ಲಿದ್ದರೂ ಕನ್ನಡದವರೇ.

"ಹತ್ತು ನಿಮಿಷದಿಂದ ಇಲ್ಲೇ ನಿಂತು ಕೇಳ್ತಿದ್ದೀನಿ. ಹೋದ ವಾರ ಹನ್ನೊಂದು ಕಾರ್ಖಾನೆ ನೋಡ್ದೆ. ಎಲ್ಲಾ ಕಡೆ ಪಾಸ್‌ವರ್ಡನ್ನ ಚೀಟಿಲಿ ಬರೆದು ಕಂಪ್ಯೂಟರಿಗೇ ಅಂಟಿಸಿದ್ದಾರೆ. ಒಂದು ಕಡೆ ಟೀ ಮಾರೋನೇ ನನಗೆ ಹೇಳ್ದ. ಹೆಂಡ್ತಿ ಅತ್ತರೂ ಗುಟ್ಟು ಬಿಡದ ಗಂಡಸನ್ನ ಇವತ್ತೇ ನೋಡಿದ್ದು! ನಾಳೆ ಯುದ್ಧ ನಡೆಯೋದು ಗಡಿಯಲ್ಲಲ್ಲ ಸ್ವಾಮೀ, ಈ ಡಬ್ಬದಲ್ಲಿ. ಆರ್ಡರ್ ನಿಮಗೇ!"

ಚಪ್ಪಾಳೆ ಬಿತ್ತು. ಆಫೀಸರ ಸಹಾಯಕ ಕಂಪ್ಯೂಟರಿನ ಮುಚ್ಚಳ ಬಿಚ್ಚಿ, ನಾಣ್ಯದಷ್ಟಿದ್ದ ಬ್ಯಾಟರಿಯೊಂದನ್ನು ತೆಗೆದು, ಐದು ನಿಮಿಷ ಬಿಟ್ಟು ಮತ್ತೆ ಹಾಕಿದ. ಕಂಪ್ಯೂಟರು ಯಾವ ಪಾಸ್‌ವರ್ಡೂ ಕೇಳದೆ ತೆರೆದುಕೊಂಡಿತು.

"ಹಂಗಾದ್ರೆ ಆ ಹೆಸರಿಗೆ ಈಗ ಬೆಲೆಯೇ ಇಲ್ಲ, ಅಲ್ವಾ ಸಾರ್?" ಕೊಟ್ರೇಶ ಆಸೆಯಿಂದ ಕೇಳಿದ.

"ಯಾರ್ರೀ ಹೇಳಿದ್ದು? ಹಳೇದು ಗೊತ್ತಾದ್ರೆ ನಿಮ್ಮ ತಲೆ ಹೇಗೆ ಓಡುತ್ತೆ ಅಂತ ಶತ್ರುಗೆ ಗೊತ್ತಾಗಲ್ವಾ?" ಚನಬಸಪ್ಪ ಚೀಲದಿಂದ ಒಂದು ಕಾಗದ ತೆಗೆದರು. ಆ ಹೆಸರನ್ನು ಬದುಕಿರುವವರೆಗೂ ಯಾರಿಗೂ ಹೇಳುವುದಿಲ್ಲ, ಹೇಳಿದರೆ ಮೂರು ವರ್ಷ ಸೆರೆಮನೆ ಎಂದು ಅದರಲ್ಲಿತ್ತು.

"ಹೆಂಡ್ತಿ ಒಬ್ಬಳಿಗೆ ಮಾತ್ರ ಸಾರ್..."

"ಅವರಿಗಂತೂ ಕೂಡದು!"

ವೆಂಕಟರಮಣಪ್ಪನವರು ಅವನ ಕೈಗೆ ಪೆನ್ನು ತುರುಕಿ, ಕೈಯನ್ನೂ ತಾವೇ ಹಿಡಿದು ಸಹಿ ಮಾಡಿಸಿದರು.

ಸಂಜೆ ಆರಕ್ಕೆ ಕೊಟ್ರೇಶ ಮನೆ ಮುಟ್ಟಿದಾಗ, ಮಾಲೀಕ ಬೈರಪ್ಪನವರು ಅವನನ್ನು ಮೆಟ್ಟಿಲಲ್ಲೇ ತಡೆದು ತಮ್ಮ ನಡುಮನೆಗೆ ಕರೆದೊಯ್ದರು. ಹೇಮಲತಾ ಫೋನು ಹಿಡಿದು ಬಿಕ್ಕುತ್ತಿದ್ದಳು. ರಾಣೆಬೆನ್ನೂರಿನ ತವರಿಗೆ ಎಲ್ಲವನ್ನೂ ವರದಿ ಒಪ್ಪಿಸಿ ಆಗಿತ್ತು. ರಿಸೀವರನ್ನು ಗಂಡನ ಕೈಗಿತ್ತಳು.

"ಏನ್ರಿ ಅಳಿಯಂದ್ರ!" ಆ ಕಡೆಯಿಂದ ಅತ್ತೆಯ ದನಿ ಗುಡುಗಿತು. "ನಾ ಬಸಮ್ಮ ಮಾತಾಡೋದು! ನನ್ನ ಮಗಳ ಕಣ್ಣಾಗ ನೀರು ತರಿಸಿದಾಕಿ ಯಾರಕಿ? ಹೆಸರು ಹೇಳ್ರಿ!"

ಬೆಳಗಿನಿಂದ ಕೊಟ್ರೇಶನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಹೆಸರು ಈಗ ತಾನೇ ಫೋನಿನಲ್ಲಿ ಬಂದು ಮಾತಾಡುತ್ತಿತ್ತು. ಬೆನ್ನ ಹಿಂದೆ ಹೇಮಲತಾ, ಭಾಗ್ಯಮ್ಮ, ಬೈರಪ್ಪ ಉಸಿರು ಹಿಡಿದು ನಿಂತಿದ್ದರು. ಕಣ್ಣ ಮುಂದೆ ಮೂರು ವರ್ಷದ ಸೆರೆಮನೆ ಬಂದು ನಿಂತಿತು.

"ಅತ್ತಿ... ಹೆಸರು ಹೇಳಂಗಿಲ್ರಿ," ಎಂದ ಕೊಟ್ರೇಶ ಅಳುದನಿಯಲ್ಲಿ. "ಆದ್ರ ನೀವು ತಪ್ಪು ತಿಳ್ಕೋಬ್ಯಾಡ್ರಿ. ಆಕಿ... ಆಕಿ ನಿಮಗ ಚಲೋ ಗೊತ್ತಿರಾಕೀನ."

"ಏನಂದ್ರಿ? ನನಗ ಗೊತ್ತಿರಾಕೀನಾ? ತಡೀರಿ ಹಂಗಾರ! ನಾಳೆ ಮುಂಜಾನಿ ಬಸ್ಸಿಗೇ ಗಂಟುಮೂಟಿ ಕಟ್ಟಿಕೊಂಡು ಬರ್ತೀನಿ. ಆಕಿ ನನ್ನ ಕೈಗೆ ಸಿಗೋತನಕ ನಿಮ್ಮ ಮನಿ ಬಿಟ್ಟು ಕದಲಂಗಿಲ್ಲ!"